ಒಂಟಿ ಎಲೆಕ್ಟ್ರಾನಿನ ಮನೆತನ: ಕ್ಷಾರ ಲೋಹಗಳ ಚರಿತ್ರೆ ಮತ್ತು ಆವರ್ತ ಕೋಷ್ಟಕದ ಗುಂಪುಗಳು

ಇಂದಿನ ಪಠ್ಯಪುಸ್ತಕಗಳಲ್ಲಿ ಆವರ್ತ ಕೋಷ್ಟಕದ ಮೊದಲ ಗುಂಪಿನ ವಿವರಣೆ ಎಲೆಕ್ಟ್ರಾನುಗಳ ಲೆಕ್ಕದಿಂದಲೇ ತೊಡಗುತ್ತದೆ. ಪರಮಾಣುವಿನ ಬೀಜಕೇಂದ್ರದ ಸುತ್ತ ಎಲೆಕ್ಟ್ರಾನುಗಳು ಕವಚಗಳೆಂದು ಕರೆಯುವ ಹಂತಗಳಲ್ಲಿ ಹಂಚಿಕೊಂಡಿರುತ್ತವೆ. ಲಿಥಿಯಂನಲ್ಲಿ ಆ ಹಂಚಿಕೆ 2, 1, ಸೋಡಿಯಂನಲ್ಲಿ 2, 8, 1, ಪೊಟ್ಯಾಸಿಯಂನಲ್ಲಿ 2, 8, 8, 1. ಮೂರರಲ್ಲೂ ಹೊರಕವಚದಲ್ಲಿರುವುದು ಒಂದೇ ಎಲೆಕ್ಟ್ರಾನ್ ಆದ್ದರಿಂದ ಮೂರರ ನಡತೆಯೂ ಒಂದೇ ಬಗೆಯದು, ಮೂರಕ್ಕೂ ಒಂದೇ ಗುಂಪು. ಹೀಗೆ ಹೊರಗಡೆ ಇದ್ದು ರಾಸಾಯನಿಕ ಬಂಧದಲ್ಲಿ ಪಾಲ್ಗೊಳ್ಳುವ ಎಲೆಕ್ಟ್ರಾನುಗಳಿಗೆ ವೇಲೆನ್ಸ್ ಎಲೆಕ್ಟ್ರಾನುಗಳೆಂದು ಹೆಸರು. ವಿವರಣೆ ಸರಿಯಾದದ್ದೇ, ಆದರೆ ಅರಿವು ಬೆಳೆದ ಕ್ರಮ ಇದಕ್ಕೆ ತೀರ ತಿರುವುಮುರುವಾದದ್ದು. ಕ್ಷಾರ ಲೋಹಗಳೆಂಬ ಈ ಗುಂಪು ರೂಪುಗೊಂಡಾಗ ಎಲೆಕ್ಟ್ರಾನ್ ಎಂಬ ಕಣವನ್ನು ಯಾರೂ ಕಂಡಿರಲಿಲ್ಲ. ಪರಮಾಣುವಿದೆಯೇ ಎಂಬುದರ ಬಗ್ಗೆಯೇ ಅನೇಕ ರಸಾಯನಶಾಸ್ತ್ರಜ್ಞರಿಗೆ ಸಂಶಯವಿತ್ತು. ಗುಂಪನ್ನು ಕಟ್ಟಿದವರು ತಕ್ಕಡಿ, ಮೂಸೆ, ಜ್ವಾಲೆಗಳನ್ನು ನಂಬಿ ಕೆಲಸ ಮಾಡಿದವರು. ಭೌತಶಾಸ್ತ್ರ ಬಹಳ ತಡವಾಗಿ ಬಂದು ಅವರು ಕಟ್ಟಿದ್ದಕ್ಕೆ ಕಾರಣ ಹೇಳಿತು, ಅವರಿಗೆ ಬಿಡಿಸಲಾಗದೆ ಉಳಿದಿದ್ದ ಕೆಲವು ತೊಡಕುಗಳನ್ನೂ ಬಿಡಿಸಿತು.

ಕ್ಷಾರಗಳ ಬಳಕೆ ಕಸುಬುಗಳಷ್ಟೇ ಹಳೆಯದು. ಮರದ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ಒಲೆಯ ಮೇಲೆ ಬತ್ತಿಸಿದಾಗ ಉಳಿಯುವ ಬಿಳಿಯ ಲವಣವೇ ಪೊಟ್ಯಾಷ್. ಕಡಲಂಚಿನ ಗಿಡಗಳ ಬೂದಿಯಿಂದಲೂ ಒಣನಾಡುಗಳ ಚೌಳು ನೆಲದಿಂದಲೂ ದೊರೆಯುತ್ತಿದ್ದದ್ದು ಸೋಡ. ಕನ್ನಡ ನಾಡಿನ ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳುಮಣ್ಣಿನ ಸತ್ವ ಈ ಸೋಡವೇ. ಚಿತ್ರದುರ್ಗ ಸೀಮೆಯ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುತ್ತಿದ್ದವರಿಗೂ ಅದೇ ಬೇಕಾಗಿತ್ತು. ಎರಡೂ ಕ್ಷಾರಗಳು ಜಿಡ್ಡನ್ನು ಕರಗಿಸುತ್ತವೆ, ಆಮ್ಲದ ಹುಳಿಯನ್ನು ಅಳಿಸುತ್ತವೆ, ಮರಳಿನೊಡನೆ ಕಾಯಿಸಿದರೆ ಗಾಜಾಗುತ್ತವೆ. ಆದಕಾರಣ ಇವು ಬೇರೆ ಬೇರೆ ವಸ್ತುಗಳೆಂಬುದೇ ಬಹುಕಾಲ ಸ್ಪಷ್ಟವಾಗಿರಲಿಲ್ಲ. 18ನೇ ಶತಮಾನದಲ್ಲಿ ಫ್ರಾನ್ಸಿನ ದುಹಮೆಲ್ ದು ಮೊನ್ಸೊ ಇವೆರಡರ ಲವಣಗಳು ಬೇರೆಯೆಂದು ತೋರಿಸಿದ; ಜರ್ಮನಿಯ ಮಾರ್ಗ್ರಾಫ್ ಸೋಡದ ಲವಣ ಜ್ವಾಲೆಗೆ ಹಳದಿ ಬಣ್ಣವನ್ನೂ ಪೊಟ್ಯಾಷಿನ ಲವಣ ನೇರಳೆ ಬಣ್ಣವನ್ನೂ ಕೊಡುವುದನ್ನು ಗುರುತಿಸಿದ. 1789ರಲ್ಲಿ ಲವಾಸಿಯೇ ಧಾತುಗಳ ಪಟ್ಟಿಯನ್ನು ಪ್ರಕಟಿಸಿದಾಗ ಅದರಲ್ಲಿ ಈ ಎರಡಕ್ಕೂ ಜಾಗ ಕೊಡಲಿಲ್ಲ. ಇವು ಸಂಯುಕ್ತಗಳೇ ಇರಬೇಕೆಂದು ಆತ ಬಗೆದಿದ್ದ. ಬಗೆದದ್ದು ಸರಿಯಾಗಿತ್ತು, ಬಿಡಿಸಿ ತೋರಿಸುವ ಸಾಧನ ಮಾತ್ರ ಆಗ ಇರಲಿಲ್ಲ.

ಆ ಸಾಧನವನ್ನು ಒದಗಿಸಿದ್ದು 1800ರಲ್ಲಿ ಬಂದ ವೋಲ್ಟಾನ ವಿದ್ಯುತ್ ಕೋಶ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ 1807ರ ಅಕ್ಟೋಬರಿನಲ್ಲಿ ಪೊಟ್ಯಾಷಿನ ತುಣುಕನ್ನು ಗಾಳಿಯ ತೇವಕ್ಕೆ ತುಸು ಒಡ್ಡಿ, ಪ್ಲಾಟಿನಂ ತಟ್ಟೆಯ ಮೇಲಿಟ್ಟು, ಪ್ರಬಲವಾದ ಕೋಶಮಾಲೆಯ ವಿದ್ಯುತ್ತನ್ನು ಅದರೊಳಗೆ ಹರಿಯಿಸಿದ. ಪೊಟ್ಯಾಷ್ ತಾನಾಗಿ ಕರಗತೊಡಗಿತು. ಋಣಧ್ರುವದ ಬಳಿ ಪಾದರಸದಂತೆ ಹೊಳೆಯುವ ಸಣ್ಣ ಗುಂಡುಗಳು ಮೂಡಿದವು, ಕೆಲವು ಮೂಡಿದ ಕ್ಷಣವೇ ಸಿಡಿದು ಉರಿದವು, ಉಳಿದವು ಗಾಳಿ ತಾಕಿ ಮಂಕಾಗಿ ಬಿಳಿಯ ಪೊರೆ ಹೊದ್ದವು. ಕೆಲವೇ ದಿನಗಳಲ್ಲಿ ಸೋಡದಿಂದಲೂ ಅಂಥದೇ ಲೋಹ ಹೊರಬಂತು. ನೀರಿಗಿಂತ ಹಗುರವಾದ, ಚಾಕುವಿನಿಂದ ಕೊಯ್ಯಬಹುದಾದ, ನೀರು ಸೋಕಿದರೆ ಹೊತ್ತಿಕೊಳ್ಳುವ ವಸ್ತುವನ್ನು ಲೋಹವೆಂದು ಕರೆಯಬಹುದೇ ಎಂದು ಆಗ ಚರ್ಚೆಯಾಯಿತು. ಲೋಹವೆಂದರೆ ಭಾರವಾಗಿರಬೇಕೆಂಬ ಹಳೆಯ ನಂಬಿಕೆಯನ್ನು ಪೊಟ್ಯಾಸಿಯಂ ಮತ್ತು ಸೋಡಿಯಂ ಅಂದೇ ಮುರಿದವು. 1817ರಲ್ಲಿ ಸ್ವೀಡನ್ನಿನ ಅರ್ಫ್‌ವೆಡ್ಸನ್ ಪೆಟಲೈಟ್ ಎಂಬ ಖನಿಜದಲ್ಲಿ ಮೂರನೆಯ ಕ್ಷಾರವನ್ನು ಕಂಡುಹಿಡಿದ. ಕಲ್ಲಿನಲ್ಲಿ ಸಿಕ್ಕಿದ್ದರಿಂದ ಅದಕ್ಕೆ ಲಿಥಿಯಂ ಎಂಬ ಹೆಸರು ಬಂತು.

ಮೂರು ಧಾತುಗಳು ಸೇರಿದರೆ ಹೋಲಿಕೆ ಕಣ್ಣಿಗೆ ಬೀಳುತ್ತದೆ, ಅದರ ಹಿಂದೆ ಏನಾದರೂ ಲೆಕ್ಕವಿದೆಯೇ ಎಂಬ ಪ್ರಶ್ನೆಯೂ ಏಳುತ್ತದೆ. ಯೇನಾ ವಿಶ್ವವಿದ್ಯಾಲಯದ ಡೋಬರೈನರ್ 1829ರಲ್ಲಿ ಪ್ರಕಟಿಸಿದ ತ್ರಿಕಗಳ ವಿಚಾರ ಇಂಥ ಮೊದಲ ಲೆಕ್ಕ. ಪರಮಾಣು ತೂಕವೆಂದರೆ ಜಲಜನಕದ ಪರಮಾಣುವಿಗೆ ಹೋಲಿಸಿದಾಗ ಬೇರೊಂದು ಧಾತುವಿನ ಪರಮಾಣು ಎಷ್ಟು ಪಟ್ಟು ಭಾರವೆಂಬ ಸಂಖ್ಯೆ; ಇಂದಿನ ಮೌಲ್ಯಗಳಲ್ಲಿ ಹೇಳುವುದಾದರೆ ಲಿಥಿಯಂ 7, ಪೊಟ್ಯಾಸಿಯಂ 39, ಇವೆರಡರ ಸರಾಸರಿ 23, ಸೋಡಿಯಂನ ತೂಕವೂ 23. ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ಮುಂದೆ ಹೈಡೆಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಜ್ವಾಲೆಯ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಗೆರೆಗಳಾಗಿ ಬಿಡಿಸುವ ರೋಹಿತದರ್ಶಕವನ್ನು ರೂಪಿಸಿದಾಗ ಈ ಮನೆತನಕ್ಕೆ ಇನ್ನಿಬ್ಬರು ಸೇರಿದರು. ಡುರ್ಕ್‌ಹೈಮಿನ ಖನಿಜ ಜಲವನ್ನು ಟನ್ನುಗಟ್ಟಲೆ ಬತ್ತಿಸಿ ಅವರು ಪಡೆದದ್ದು ಕೆಲವೇ ಗ್ರಾಂ ಲವಣ, ಆದರೆ ಅದರ ರೋಹಿತದಲ್ಲಿ ಅದುವರೆಗೆ ಯಾರೂ ಕಾಣದ ಎರಡು ನೀಲಿ ಗೆರೆಗಳಿದ್ದವು. ಅದು 1860ರ ಸೀಸಿಯಂ. ಮರುವರ್ಷ ಲೆಪಿಡೊಲೈಟ್ ಖನಿಜದಲ್ಲಿ ಕಡುಗೆಂಪು ಗೆರೆಗಳ ರುಬಿಡಿಯಂ ಸಿಕ್ಕಿತು. ಆ ಗೆರೆಗಳೆಲ್ಲ ಹೊರಕವಚದ ಒಂಟಿ ಎಲೆಕ್ಟ್ರಾನ್ ಹಂತದಿಂದ ಹಂತಕ್ಕೆ ಜಾರುವಾಗ ಹೊಮ್ಮುವ ಬೆಳಕು. ಅದೇ ಎಲೆಕ್ಟ್ರಾನ್ ಹೀಗೆ ದಶಕಗಳ ಕಾಲ ಶಾಸ್ತ್ರಜ್ಞರ ಕಣ್ಣಿಗೆ ಬೆಳಕಾಗಿ ಬೀಳುತ್ತಿದ್ದರೂ ಅದರ ಗುರುತು ಮಾತ್ರ ಸಿಕ್ಕಿರಲಿಲ್ಲ.

ಗುಂಪಿನ ಕಲ್ಪನೆ ಗಟ್ಟಿಯಾಗಲು ಪರಮಾಣು ತೂಕಕ್ಕಿಂತ ಮುಖ್ಯವಾದ ಇನ್ನೊಂದು ಅಳತೆ ಬೇಕಾಗಿತ್ತು. 1852ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಲೋಹ ಮತ್ತು ಇಂಗಾಲ ಕೂಡಿದ ಸಂಯುಕ್ತಗಳನ್ನು ಅಧ್ಯಯನ ಮಾಡುತ್ತ, ಸಾರಜನಕ, ರಂಜಕ, ಆರ್ಸೆನಿಕ್, ಆಂಟಿಮನಿಗಳು ಇತರ ಪರಮಾಣುಗಳನ್ನು ಮೂರರ ಅಥವಾ ಐದರ ಲೆಕ್ಕದಲ್ಲಿಯೇ ಹಿಡಿದುಕೊಳ್ಳುತ್ತವೆ ಎಂದು ಕಂಡುಕೊಂಡ. ಒಂದು ಪರಮಾಣುವಿಗೆ ಇಷ್ಟೇ ಪರಮಾಣುಗಳೊಡನೆ ಕೂಡುವ ಸಾಮರ್ಥ್ಯವಿದೆ ಎಂಬ ಈ ವಿಚಾರವೇ ಮುಂದೆ ವೇಲೆನ್ಸಿ ಎನಿಸಿಕೊಂಡಿತು. ಲಿಥಿಯಂನಿಂದ ಸೀಸಿಯಂವರೆಗೆ ಎಲ್ಲ ಕ್ಷಾರ ಲೋಹಗಳ ವೇಲೆನ್ಸಿ ಒಂದು. ಆದರೆ ವೇಲೆನ್ಸಿ ನಿಶ್ಚಿತವಾಗಬೇಕಾದರೆ ಪರಮಾಣು ತೂಕ ನಿಶ್ಚಿತವಾಗಬೇಕು, ಅದರಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿಯಾಗಿತ್ತು. ಈ ಗೊಂದಲವನ್ನು ಪರಿಹರಿಸಲು 1860ರ ಸೆಪ್ಟೆಂಬರಿನಲ್ಲಿ ಕಾರ್ಲ್ಸ್‌ರೂಹೆ ನಗರದಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಸಭೆ ಸೇರಿದರು. ಇಟಲಿಯ ಕನಿಜಾರೊ ಅಲ್ಲಿ ಅವೊಗಾಡ್ರೊ ನಿಯಮದ ನೆರವಿನಿಂದ ಪರಮಾಣು ತೂಕಗಳನ್ನು ನಿಷ್ಕರ್ಷಿಸುವ ದಾರಿಯನ್ನು ಪ್ರತಿಪಾದಿಸಿದ. ಸಭೆಯಲ್ಲಿದ್ದವರಲ್ಲಿ ಜರ್ಮನಿಯ ಲೋಥರ್ ಮೆಯರ್ ಮತ್ತು ರಷ್ಯಾದ ಡ್ಮಿಟ್ರಿ ಮೆಂಡಲೀವ್ ಇಬ್ಬರೂ ಸೇರಿದ್ದರು. ಮೆಯರ್ 1864ರ ತನ್ನ ಪುಸ್ತಕದಲ್ಲಿ 28 ಧಾತುಗಳನ್ನು ವೇಲೆನ್ಸಿಯ ಕ್ರಮದಲ್ಲಿಯೇ ಕಂಬಸಾಲುಗಳಾಗಿ ಜೋಡಿಸಿದ. ಇಂಗ್ಲೆಂಡಿನ ನ್ಯೂಲ್ಯಾಂಡ್ಸ್ ತೂಕದ ಕ್ರಮದಲ್ಲಿಟ್ಟಾಗ ಪ್ರತಿ ಎಂಟನೆಯ ಧಾತು ಮೊದಲಿನದನ್ನು ಹೋಲುತ್ತದೆಂದು ಗುರುತಿಸಿದ; 1866ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯಲ್ಲಿ ಅದನ್ನು ಮಂಡಿಸಿದಾಗ, ಧಾತುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ನೋಡಿದ್ದುಂಟೇ ಎಂಬ ಕುಹಕದ ಪ್ರಶ್ನೆಯನ್ನು ಆತ ಎದುರಿಸಬೇಕಾಯಿತು. ಭಾರವಾದ ಧಾತುಗಳಲ್ಲಿ ಅವನ ನಿಯಮ ಕೆಡುತ್ತಿದ್ದದ್ದು ನಿಜ, ಆದರೂ ಆ ತಿರಸ್ಕಾರ ಅನ್ಯಾಯದ್ದು.

ಮೆಂಡಲೀವನ ಕೋಷ್ಟಕ ಹುಟ್ಟಿದ ಸಂದರ್ಭಕ್ಕೂ ಕ್ಷಾರ ಲೋಹಗಳಿಗೂ ನೇರ ಸಂಬಂಧವಿದೆ. ಸೇಂಟ್ ಪೀಟರ್ಸ್‌ಬರ್ಗಿನ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದ ರಸಾಯನಶಾಸ್ತ್ರದ ಪಠ್ಯದಲ್ಲಿ ಕ್ಲೋರಿನ್, ಬ್ರೋಮಿನ್, ಅಯೋಡಿನ್ ಮೊದಲಾದ ಹ್ಯಾಲೊಜೆನ್‌ಗಳೂ ಕ್ಷಾರ ಲೋಹಗಳೂ ಮುಗಿದ ಬಳಿಕ ಯಾವ ಧಾತುಗಳನ್ನು ಎತ್ತಿಕೊಳ್ಳಬೇಕೆಂಬ ಪ್ರಶ್ನೆ ಆತನ ಮುಂದಿತ್ತು. ಚೀಸ್ ತಯಾರಿಕೆಯ ಘಟಕಗಳ ತಪಾಸಣೆಗೆ ಸಂಬಂಧಿಸಿದ ಒಂದು ಪತ್ರದ ಹಿಂಬದಿಯಲ್ಲಿ ಆತ ಸೋಡಿಯಂ, ಪೊಟ್ಯಾಸಿಯಂ ಮೊದಲಾದವುಗಳ ಪರಮಾಣು ತೂಕಗಳನ್ನು ಬರೆದು, ಅವುಗಳ ಎದುರು ಮೆಗ್ನೀಸಿಯಂ, ಸತು, ಕ್ಯಾಡ್ಮಿಯಂಗಳ ತೂಕಗಳನ್ನಿಟ್ಟು ಕಳೆದು ನೋಡಿದ್ದಾನೆ. ಆ ಹಾಳೆ ಇಂದಿಗೂ ಉಳಿದುಬಂದಿದೆ. ಗುಂಪಿನೊಳಗಿನ ಹೋಲಿಕೆಯನ್ನು ಎಲ್ಲರೂ ಬಲ್ಲರು. ಒಂದಕ್ಕೊಂದು ಹೋಲದ ಗುಂಪುಗಳನ್ನು ಮಗ್ಗುಲಲ್ಲಿ ಇಟ್ಟು ಹೋಲಿಸಬೇಕೆಂಬುದು ಅವನಿಗೆ ಹೊಳೆದದ್ದು. ಕ್ಲೋರಿನ್ 35.5ರ ಬಳಿ ಪೊಟ್ಯಾಸಿಯಂ 39, ಬ್ರೋಮಿನ್ 80ರ ಬಳಿ ರುಬಿಡಿಯಂ 85, ಅಯೋಡಿನ್ 127ರ ಬಳಿ ಸೀಸಿಯಂ 133 ಬರುತ್ತವೆ. ಅತ್ಯಂತ ಉಗ್ರವಾದ ಅಲೋಹದ ಬೆನ್ನಿಗೇ ಅತ್ಯಂತ ಉಗ್ರವಾದ ಲೋಹ. 1869ರಲ್ಲಿ ಆಗ ತಿಳಿದಿದ್ದ 63 ಧಾತುಗಳ ಕೋಷ್ಟಕ ಹೊರಬಂತು. 1871ರ ಪರಿಷ್ಕೃತ ರೂಪದಲ್ಲಿ ಆತ ಎಂಟು ಗುಂಪುಗಳನ್ನು ಮಾಡಿ, ಒಂದೊಂದರ ನೆತ್ತಿಯ ಮೇಲೂ ಆ ಗುಂಪಿನ ಧಾತುಗಳು ಆಮ್ಲಜನಕದೊಡನೆ ಕೂಡಿ ಕೊಡುವ ಅತ್ಯುನ್ನತ ಆಕ್ಸೈಡಿನ ಸೂತ್ರವನ್ನು ಬರೆದ. ಗುಂಪಿನ ಸಂಖ್ಯೆಯೂ ವೇಲೆನ್ಸಿಯೂ ಒಂದೇ ಎಂದು ಹೀಗೆ ಸಾರಿದ್ದು ಆ ಕೋಷ್ಟಕದ ನಿಜವಾದ ಹೆಗ್ಗಳಿಕೆ. ಗ್ಯಾಲಿಯಂ, ಸ್ಕ್ಯಾಂಡಿಯಂ, ಜರ್ಮೇನಿಯಂಗಳ ಭವಿಷ್ಯವಾಣಿ ಹೆಚ್ಚು ಪ್ರಸಿದ್ಧಿ ಪಡೆದಿದೆ. ಇನ್ನೂ ಸಿಗದ ಆ ಧಾತುಗಳಿಗೆ ಆತ ಸಂಸ್ಕೃತದ ‘ಏಕ’ ಸೇರಿಸಿ ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ಹೆಸರಿಟ್ಟಿದ್ದನ್ನು ಭಾರತದ ಓದುಗರು ಬಲ್ಲರು. ಆದರೆ ಬೆರಿಲಿಯಂನ ವಿಷಯದಲ್ಲಿ ಆತ ತೋರಿದ ಧೈರ್ಯ ಅದಕ್ಕೂ ಮಿಗಿಲು. ಆ ಧಾತುವಿನ ವೇಲೆನ್ಸಿ ಮೂರು, ತೂಕ ಸುಮಾರು 14 ಎಂದು ಅನೇಕರು ನಂಬಿದ್ದಾಗ, ವೇಲೆನ್ಸಿ ಎರಡೇ, ತೂಕ ಸುಮಾರು 9, ಅದರ ಜಾಗ ಲಿಥಿಯಂನ ಪಕ್ಕವೆಂದು ಪಟ್ಟುಹಿಡಿದ. 1880ರ ದಶಕದಲ್ಲಿ ಸ್ವೀಡನ್ನಿನ ನಿಲ್ಸನ್ ಮತ್ತು ಪೆಟರ್ಸನ್ ಬೆರಿಲಿಯಂ ಕ್ಲೋರೈಡಿನ ಆವಿಯ ಸಾಂದ್ರತೆಯನ್ನು ಅಳೆದಾಗ ಅವನ ಮಾತೇ ನಿಂತಿತು.

ಅವನಿಗೂ ಎಡವಿದ ಕಡೆಗಳಿವೆ, ಅವು ಕ್ಷಾರ ಲೋಹಗಳ ಸುತ್ತಲೇ ಇವೆ. 1869ರ ಕೋಷ್ಟಕದಲ್ಲಿ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂಗಳ ಸಾಲಿನ ತುದಿಗೆ ಥಾಲಿಯಂ ಕೂತಿದೆ, ಏಕೆಂದರೆ ಥಾಲಿಯಂನ ಹಲವು ಲವಣಗಳು ಪೊಟ್ಯಾಸಿಯಂ ಲವಣಗಳನ್ನೇ ಹೋಲುತ್ತವೆ, ಅದರ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗುವ ಕ್ಷಾರ. ಎರಡೇ ವರ್ಷದಲ್ಲಿ ಆತ ಅದನ್ನು ಮೂರನೆಯ ಗುಂಪಿಗೆ ಸಾಗಿಸಿದ. ತಾಮ್ರ, ಬೆಳ್ಳಿ, ಚಿನ್ನಗಳನ್ನಂತೂ ಒಂದನೆಯ ಗುಂಪಿನಲ್ಲಿ ಆವರಣ ಚಿಹ್ನೆಯೊಳಗೆ ಬರೆದು ಎಂಟನೆಯ ಗುಂಪಿನಲ್ಲಿಯೂ ಬರೆದ. ನೀರಿಗೆ ಬಿದ್ದರೆ ಉರಿಯುವ ಪೊಟ್ಯಾಸಿಯಂ ಮತ್ತು ಸಾವಿರಾರು ವರ್ಷ ನೆಲದಲ್ಲಿದ್ದರೂ ಮಾಸದ ಚಿನ್ನ ಒಂದೇ ಗುಂಪಿನಲ್ಲಿರುವುದು ಯಾವ ನ್ಯಾಯವೆಂಬುದಕ್ಕೆ ಆಗ ಉತ್ತರವಿರಲಿಲ್ಲ.

1894ರಲ್ಲಿ ಇನ್ನೊಂದು ತೊಡಕು ಬಂತು. ಗಾಳಿಯಿಂದ ತೆಗೆದ ಸಾರಜನಕ ರಾಸಾಯನಿಕವಾಗಿ ತಯಾರಿಸಿದ ಸಾರಜನಕಕ್ಕಿಂತ ಸುಮಾರು ಇನ್ನೂರರಲ್ಲಿ ಒಂದು ಪಾಲಿನಷ್ಟು ಭಾರವಾಗಿದೆಯೆಂದು ಕಂಡ ರ‍್ಯಾಲೆ, ಕಾರಣ ಹುಡುಕುತ್ತ ರ‍್ಯಾಮ್ಸೆಯೊಡನೆ ಸೇರಿ ಆರ್ಗಾನ್ ಅನಿಲವನ್ನು ಹೊರತೆಗೆದ. ಅದು ಯಾವುದರೊಡನೆಯೂ ಕೂಡುತ್ತಿರಲಿಲ್ಲ; ಜೊತೆಗೆ ಅದರ ಪರಮಾಣು ತೂಕ ಸುಮಾರು 40, ಅಂದರೆ ಪೊಟ್ಯಾಸಿಯಂಗಿಂತ ತುಸು ಹೆಚ್ಚು, ಹಾಗಾಗಿ ತೂಕದ ಕ್ರಮವನ್ನೇ ನಂಬಿದರೆ ಜಡವಾದ ಆರ್ಗಾನ್ ಕ್ಷಾರ ಲೋಹಗಳ ಕೆಳಗೆ ಬಂದು ಕೂರಬೇಕಾಗುತ್ತಿತ್ತು. 1895ರಲ್ಲಿ ಹೀಲಿಯಂ, 1898ರಲ್ಲಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಸಿಕ್ಕ ಮೇಲೆ ಇವು ಒಂದು ಪ್ರತ್ಯೇಕ ಗುಂಪೆಂಬುದು ಖಚಿತವಾಯಿತು. ವೇಲೆನ್ಸಿ ಸೊನ್ನೆಯಾದ್ದರಿಂದ ಸೊನ್ನೆಯ ಗುಂಪು ಎಂಬ ಹೆಸರೂ ಬಂತು. ಪ್ರತಿ ಕ್ಷಾರ ಲೋಹದ ಹಿಂದೆಯೂ ಒಂದು ಜಡಾನಿಲ ನಿಂತಿರುವುದು ಹೀಗೆ ಬೆಳಕಿಗೆ ಬಂತು. ವೇಲೆನ್ಸಿಯ ಗುಟ್ಟಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇರೊಂದು ಸಿಗಲಾರದು.

1897ರಲ್ಲಿ ಕೇಂಬ್ರಿಡ್ಜಿನ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ಬಳಿಕ ಆ ಸುಳಿವನ್ನು ಹಿಡಿದು ನಡೆದವರಲ್ಲಿ ಮುಖ್ಯರು ರಸಾಯನಶಾಸ್ತ್ರಜ್ಞರೇ. ಜರ್ಮನಿಯ ರಿಚರ್ಡ್ ಆಬೆಗ್ 1904ರಲ್ಲಿ, ಒಂದು ಧಾತುವಿನ ಅತ್ಯಧಿಕ ಧನ ವೇಲೆನ್ಸಿ ಮತ್ತು ಅತ್ಯಧಿಕ ಋಣ ವೇಲೆನ್ಸಿ ಸೇರಿದರೆ ಮೊತ್ತ ಎಂಟಾಗುತ್ತದೆಂದು ತೋರಿಸಿದ. ಕ್ಲೋರಿನ್‌ನಲ್ಲಿ 7 ಮತ್ತು 1, ಗಂಧಕದಲ್ಲಿ 6 ಮತ್ತು 2. ಅಮೆರಿಕದ ಗಿಲ್ಬರ್ಟ್ ಲೂಯಿಸ್ 1902ರಷ್ಟು ಹಿಂದೆಯೇ ಘನಾಕೃತಿಗಳನ್ನು ಬರೆದು ಅವುಗಳ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನುಗಳನ್ನು ಇಟ್ಟು ನೋಡಿದ್ದ. ಆ ಚಿತ್ರಗಳಲ್ಲಿ ಲಿಥಿಯಂ ಮತ್ತು ಸೋಡಿಯಂಗೆ ಒಂದೊಂದೇ ಮೂಲೆ ತುಂಬಿದೆ, ಫ್ಲೋರಿನ್ ಮತ್ತು ಕ್ಲೋರಿನ್‌ಗೆ ಒಂದೊಂದೇ ಮೂಲೆ ಖಾಲಿಯಿದೆ. 1916ರಲ್ಲಿ ಬರ್ಕ್ಲಿಯಲ್ಲಿದ್ದಾಗ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವುದೇ ಬಂಧವೆಂದು ಆತ ಹೇಳಿದ. ಅದೇ ವರ್ಷ ಜರ್ಮನಿಯ ವಾಲ್ಟರ್ ಕೊಸೆಲ್, ಕ್ಷಾರ ಲೋಹ ತನ್ನ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಹಿಂದಿನ ಜಡಾನಿಲದ ರಚನೆಗೆ ಇಳಿಯುತ್ತದೆ, ಹ್ಯಾಲೊಜೆನ್ ಒಂದನ್ನು ಪಡೆದು ಮುಂದಿನ ಜಡಾನಿಲದ ರಚನೆಗೆ ಏರುತ್ತದೆ ಎಂದು ವಿವರಿಸಿದ. ಅಡುಗೆಯ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಒಂದಕ್ಕೊಂದು ಸಮನಾಗಿ ಏಕೆ ಕೂಡುತ್ತವೆಂಬುದಕ್ಕೆ ಇದಕ್ಕಿಂತ ಸರಳವಾದ ಉತ್ತರವಿಲ್ಲ. ಈ ಎಂಟರ ಲೆಕ್ಕವನ್ನು ಇರ್ವಿಂಗ್ ಲ್ಯಾಂಗ್‌ಮ್ಯೂರ್ 1919ರ ಬಳಿಕ ಉಪನ್ಯಾಸಗಳ ಮೂಲಕ ಮನೆಮಾತಾಗಿಸಿದ. ಮೂಲ ವಿಚಾರ ಲೂಯಿಸನದೆಂಬುದನ್ನು ಮರೆಯಬಾರದು, ಅವನಿಗೆ ನೊಬೆಲ್ ಬಹುಮಾನ ಕೊನೆಗೂ ಸಿಗಲಿಲ್ಲ.

ಆರ್ಗಾನ್ ಮತ್ತು ಪೊಟ್ಯಾಸಿಯಂಗಳ ತೊಡಕನ್ನು ಬಿಡಿಸಿದ್ದು ಹೆನ್ರಿ ಮೋಸ್ಲಿಯ ಕೆಲಸ. ಧಾತುಗಳು ಹೊಮ್ಮಿಸುವ ಎಕ್ಸ್-ಕಿರಣಗಳನ್ನು 1913–14ರಲ್ಲಿ ಅಳೆದ ಆತ, ಕ್ರಮವನ್ನು ನಿರ್ಧರಿಸುವುದು ಬೀಜಕೇಂದ್ರದ ವಿದ್ಯುದಂಶ, ಅಂದರೆ ಪರಮಾಣು ಸಂಖ್ಯೆ, ಎಂದು ತೋರಿಸಿದ. ಆ ಎಣಿಕೆಯಲ್ಲಿ ಆರ್ಗಾನ್ 18, ಪೊಟ್ಯಾಸಿಯಂ 19. 27ರ ಹರೆಯದಲ್ಲಿ, 1915ರ ಆಗಸ್ಟಿನಲ್ಲಿ, ಆತ ಗಲಿಪೊಲಿಯ ಯುದ್ಧದಲ್ಲಿ ಗುಂಡಿಗೆ ಬಲಿಯಾದದ್ದು ವಿಜ್ಞಾನಕ್ಕಾದ ದೊಡ್ಡ ನಷ್ಟ. ನೀಲ್ಸ್ ಬೋರ್ 1913ರಿಂದ 1922ರವರೆಗೆ ಕವಚಗಳು ತುಂಬುವ ಕ್ರಮವನ್ನು ರೂಪಿಸಿದ. 1925ರಲ್ಲಿ ವೋಲ್ಫ್‌ಗ್ಯಾಂಗ್ ಪೌಲಿ, ಒಂದು ಪರಮಾಣುವಿನ ಯಾವ ಎರಡು ಎಲೆಕ್ಟ್ರಾನುಗಳಿಗೂ ನಾಲ್ಕು ಕ್ವಾಂಟಂ ಸಂಖ್ಯೆಗಳು ಪೂರ್ತಿಯಾಗಿ ಒಂದೇ ಆಗಿರಲಾರವು ಎಂಬ ನಿಯಮವನ್ನು ಕೊಟ್ಟ. ಕ್ವಾಂಟಂ ಸಂಖ್ಯೆಗಳೆಂದರೆ ಎಲೆಕ್ಟ್ರಾನಿನ ಶಕ್ತಿ, ಸಂಚಾರದ ಆಕಾರ, ದಿಕ್ಕು ಮತ್ತು ಭ್ರಮಣವನ್ನು ಗುರುತಿಸುವ ಅಂಕಿಗಳು. ಕವಚವೊಂದರಲ್ಲಿ 2, 8, 18, 32 ಎಲೆಕ್ಟ್ರಾನುಗಳಿಗಷ್ಟೇ ಎಡೆಯಿರುವುದು ಆ ನಿಯಮದಿಂದ ಹೊರಡುತ್ತದೆ. ಮೂರನೆಯ ಕವಚದಲ್ಲಿ 18ಕ್ಕೆ ಎಡೆಯಿದ್ದರೂ 8 ತುಂಬಿದೊಡನೆ ಆರ್ಗಾನ್ ಮುಗಿಯುತ್ತದೆ, ಮುಂದಿನ ಎಲೆಕ್ಟ್ರಾನ್ ಕಡಿಮೆ ಶಕ್ತಿಯ ಜಾಗವನ್ನು ಹುಡುಕಿ ನಾಲ್ಕನೆಯ ಕವಚಕ್ಕೆ ಹೋಗುತ್ತದೆ, ಆದ್ದರಿಂದಲೇ ಪೊಟ್ಯಾಸಿಯಂ ಕ್ಷಾರ ಲೋಹವಾಗುತ್ತದೆ. ಮೂರನೆಯ ಕವಚದ ಉಳಿದ ಹತ್ತು ಜಾಗಗಳು ಸ್ಕ್ಯಾಂಡಿಯಂನಿಂದ ಮುಂದಕ್ಕೆ ತುಂಬುತ್ತ ಸಂಕ್ರಮಣ ಲೋಹಗಳನ್ನು ಕೊಡುತ್ತವೆ.

ತಾಮ್ರದ ಒಗಟೂ ಇಲ್ಲಿಯೇ ಬಿಡುತ್ತದೆ. ತಾಮ್ರದ ಎಲೆಕ್ಟ್ರಾನುಗಳ ಹಂಚಿಕೆ 2, 8, 18, 1. ಪೊಟ್ಯಾಸಿಯಂನಂತೆ ಇದಕ್ಕೂ ನಾಲ್ಕನೆಯ ಕವಚದಲ್ಲಿ ಒಂದೇ ಎಲೆಕ್ಟ್ರಾನ್. ಮೆಂಡಲೀವ್ ಎರಡನ್ನೂ ಒಂದೇ ಗುಂಪಿನಲ್ಲಿಟ್ಟದ್ದು ಹಾಗೆ ನೋಡಿದರೆ ಬುಡವಿಲ್ಲದ್ದಲ್ಲ. ಆದರೆ ಪೊಟ್ಯಾಸಿಯಂಗಿಂತ ತಾಮ್ರದ ಬೀಜಕೇಂದ್ರದಲ್ಲಿ ಹತ್ತು ಧನ ವಿದ್ಯುದಂಶ ಹೆಚ್ಚಿದೆ, ಅದನ್ನು ಮರೆಮಾಡಬೇಕಾದ ಒಳಗಿನ ಹತ್ತು ಎಲೆಕ್ಟ್ರಾನುಗಳು ಪೂರ್ತಿಯಾಗಿ ಮರೆಮಾಡಲಾರವು, ಹಾಗಾಗಿ ಹೊರಗಿನ ಒಂಟಿ ಎಲೆಕ್ಟ್ರಾನ್ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಎಲೆಕ್ಟ್ರಾನ್ ವೋಲ್ಟ್ ಎಂಬ ಪರಮಾಣು ಮಟ್ಟದ ಶಕ್ತಿಮಾನದಲ್ಲಿ ಹೇಳುವುದಾದರೆ ಪೊಟ್ಯಾಸಿಯಂನಿಂದ ಅದನ್ನು ಕೀಳಲು 4.3 ಸಾಕು, ತಾಮ್ರಕ್ಕೆ 7.7 ಬೇಕು, ಚಿನ್ನಕ್ಕೆ 9.2. ಸೋಡಿಯಂನಲ್ಲಿ ಮೊದಲನೆಯದಕ್ಕೆ 5.1 ಸಾಕಾದರೆ ಎರಡನೆಯ ಎಲೆಕ್ಟ್ರಾನಿಗೆ 47.3 ಬೇಕು, ಅಷ್ಟನ್ನು ತೆರುವ ರಾಸಾಯನಿಕ ಕ್ರಿಯೆಯಿಲ್ಲ, ಆದ್ದರಿಂದ ಅದರ ವೇಲೆನ್ಸಿ ಒಂದಕ್ಕೇ ನಿಂತಿದೆ. ತಾಮ್ರದ ಎರಡನೆಯದು 20.3ಕ್ಕೆ ಬರುವುದರಿಂದ ಮೈಲುತುತ್ತದಲ್ಲಿ ಅದರ ವೇಲೆನ್ಸಿ ಎರಡು. ಥಾಲಿಯಂಗೆ ಹೊರಗೆ ಮೂರು ಎಲೆಕ್ಟ್ರಾನುಗಳಿದ್ದು ಅವುಗಳಲ್ಲಿ ಎರಡು ಜೊತೆಯಾಗಿ ಬಂಧಕ್ಕೆ ಹಿಂಜರಿಯುತ್ತವೆ, ಮೆಂಡಲೀವನನ್ನು ದಾರಿತಪ್ಪಿಸಿದ್ದು ಆ ಜೋಡಿ. ಹೊರ ಎಲೆಕ್ಟ್ರಾನುಗಳ ಎಣಿಕೆಯೊಂದೇ ಗುಂಪನ್ನು ಮಾಡುತ್ತದೆಂದು ಮಕ್ಕಳಿಗೆ ಕಲಿಸುವುದು ಆರಂಭಕ್ಕೆ ಸಾಕು, ಅದರ ಕೆಳಗಿರುವ ಕವಚ ಎಂಥದೆಂಬುದು ಸೇರದೆ ಪಾಠ ಪೂರ್ತಿಯಾಗದು. ಗುಂಪುಗಳಿಗೆ 1ರಿಂದ 18ರವರೆಗೆ ಅಂಕಿ ಕೊಡುವ ಈಗಿನ ಪದ್ಧತಿಯಲ್ಲಿ ಕ್ಷಾರ ಲೋಹಗಳು 1ರಲ್ಲಿಯೂ ತಾಮ್ರ, ಬೆಳ್ಳಿ, ಚಿನ್ನಗಳು 11ರಲ್ಲಿಯೂ ಇವೆ.

ಈ ಸಡಿಲ ಎಲೆಕ್ಟ್ರಾನಿನ ಅರಿವನ್ನು ಆಕಾಶಕ್ಕೆ ಒಯ್ದ ಕೀರ್ತಿ ಮೇಘನಾದ ಸಾಹಾ ಅವರದು. ಸೂರ್ಯನ ರೋಹಿತದಲ್ಲಿ ಸೋಡಿಯಂನ ಗೆರೆಗಳು ಢಾಳಾಗಿ ಕಾಣುತ್ತವೆ, ಆದರೆ ಅದೇ ಮನೆತನದ ರುಬಿಡಿಯಂ, ಸೀಸಿಯಂಗಳ ಸುಳಿವಿರಲಿಲ್ಲ. ಸೂರ್ಯನ ತಾಪದಲ್ಲಿ ಇವು ತಮ್ಮ ಹೊರ ಎಲೆಕ್ಟ್ರಾನನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕಳೆದುಕೊಂಡಿರುತ್ತವೆ, ಗೆರೆಗಳನ್ನು ಮೂಡಿಸಬೇಕಾದ ಎಲೆಕ್ಟ್ರಾನೇ ಇಲ್ಲದಾಗ ಗೆರೆಗಳೂ ಇರುವುದಿಲ್ಲ ಎಂದು ಸಾಹಾ 1920ರಲ್ಲಿ ಲೆಕ್ಕಹಾಕಿ ತೋರಿಸಿದರು. ತಾಪ ಕಡಿಮೆಯಿರುವ ಸೂರ್ಯಕಲೆಗಳಲ್ಲಿ ಹುಡುಕಿದರೆ ಸಿಗಬಹುದೆಂದೂ ಹೇಳಿದರು. ಅಮೆರಿಕದ ಹೆನ್ರಿ ನಾರಿಸ್ ರಸೆಲ್ ಸೂರ್ಯಕಲೆಗಳ ರೋಹಿತದಲ್ಲಿ ರುಬಿಡಿಯಂ ಗೆರೆಗಳನ್ನು ಗುರುತಿಸಿದರು.

ಗುಂಪಿನ ಕೊನೆಯ ಸದಸ್ಯನನ್ನು ಗುರುತಿಸಿದ ರೀತಿಯೂ ಹಳೆಯ ರಸಾಯನಶಾಸ್ತ್ರದ್ದೇ. 1939ರಲ್ಲಿ ಪ್ಯಾರಿಸಿನ ರೇಡಿಯಂ ಸಂಸ್ಥೆಯಲ್ಲಿ ಮಾರ್ಗರೆಟ್ ಪೆರೆ ಆಕ್ಟಿನಿಯಂ ಲವಣವನ್ನು ಶುದ್ಧಗೊಳಿಸುತ್ತಿದ್ದಾಗ ಅಪರಿಚಿತವಾದ ವಿಕಿರಣವೊಂದನ್ನು ಕಂಡರು. ಅದರ ಮೂಲವಸ್ತು ಸುಮಾರು 22 ನಿಮಿಷಗಳಲ್ಲಿ ಅರ್ಧದಷ್ಟು ಕ್ಷಯಿಸುತ್ತಿತ್ತು. ತೂಗಿ ನೋಡುವಷ್ಟು ಅದು ಎಂದೂ ಸಿಗುವಂತಿರಲಿಲ್ಲ. ದ್ರಾವಣಕ್ಕೆ ಸೀಸಿಯಂ ಸೇರಿಸಿ ಅದರ ಪರ್ಕ್ಲೋರೇಟ್ ಲವಣವನ್ನು ಹರಳುಗಟ್ಟಿಸಿದಾಗ ಆ ವಿಕಿರಣ ಸೀಸಿಯಂ ಹರಳುಗಳೊಡನೆ ಹೊರಬಂತು, ಅಷ್ಟರಿಂದಲೇ ಅದು ಕ್ಷಾರ ಲೋಹವೆಂದು, ಪರಮಾಣು ಸಂಖ್ಯೆ 87 ಎಂದು ಅವರು ತೀರ್ಮಾನಿಸಿದರು. ಅದೇ ಫ್ರಾನ್ಸಿಯಂ. ಲಿಥಿಯಂನಿಂದ ಸೀಸಿಯಂವರೆಗೆ ಹೊರ ಎಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿ 5.4ರಿಂದ 3.9ಕ್ಕೆ ಇಳಿಯುತ್ತ ಬಂದಿದೆ. ಫ್ರಾನ್ಸಿಯಂನಲ್ಲಿ ಅದು ಮತ್ತೆ 4.07ಕ್ಕೆ ಏರುತ್ತದೆ, ಏಕೆಂದರೆ 87 ಧನ ವಿದ್ಯುದಂಶಗಳ ಸೆಳೆತಕ್ಕೆ ಸಿಕ್ಕ ಎಲೆಕ್ಟ್ರಾನುಗಳ ವೇಗ ಸಾಪೇಕ್ಷತಾ ಸಿದ್ಧಾಂತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದಷ್ಟು ಹೆಚ್ಚಿದ್ದು, ಅದರಿಂದ ಹೊರಗಿನ ಒಂಟಿ ಎಲೆಕ್ಟ್ರಾನ್ ತುಸು ಒಳಕ್ಕೆ ಸರಿದಿರುತ್ತದೆ. ಅದರ ಕೆಳಗಿನ ಮನೆ 119ನೆಯ ಧಾತುವಿನದು. ಆ ಧಾತುವನ್ನು ಈವರೆಗೆ ಯಾವ ಪ್ರಯೋಗಾಲಯವೂ ತಯಾರಿಸಿಲ್ಲ.